ವೈದ್ಯಕೀಯ ದತ್ತಾಂಶ: ಹಂಚುವುದು ಹೇಗೆ, ಕಾಯುವುದು ಹೇಗೆ?



ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಎಂದೊಡನೆ ನಿಮಗೆ ನೆನಪಾಗುವುದು ಮಾವಿನ ಹಣ್ಣು. ಆ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ಇನ್ನೊಂದು ಕೆಲಸವೂ ನಡೆಯುತ್ತಿದೆ. ನಲವತ್ತೈದು ವರ್ಷ ದಾಟಿದ ಗಂಡಸರು, ಹೆಂಗಸರು ತಾವಾಗಿ ಒಪ್ಪಿ ರಕ್ತ ಕೊಡುತ್ತಾರೆ, ನೆನಪಿನ ಶಕ್ತಿಯ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ, ಮಿದುಳಿನ ಎಂ.ಆರ್.ಐ. ಚಿತ್ರ ತೆಗೆಸಿಕೊಳ್ಳುತ್ತಾರೆ. ಕೆಲಕಾಲದ ನಂತರ ಅದೇ ಪರೀಕ್ಷೆಗಳು ಮತ್ತೆ ನಡೆಯುತ್ತವೆ. ವಯಸ್ಸಾದಂತೆ ಕೆಲವರ ಮರೆವು ಕಾಯಿಲೆಯಾಗಿ ಬೆಳೆಯುವುದೇಕೆ, ಮತ್ತೆ ಕೆಲವರು ಎಂಬತ್ತರಲ್ಲೂ ಹೊಲದ ಲೆಕ್ಕವನ್ನು ಬಾಯಲ್ಲೇ ಹೇಳುವುದು ಹೇಗೆ ಎಂಬುದನ್ನು ತಿಳಿಯುವುದು ಈ ಅಧ್ಯಯನದ ಉದ್ದೇಶ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಇಟ್ಟುಕೊಂಡು ಇದನ್ನು ನಡೆಸುತ್ತಿರುವುದು ಯಶವಂತಪುರಕ್ಕೆ ಹೊಂದಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿನ ಮಿದುಳು ಸಂಶೋಧನಾ ಕೇಂದ್ರ.

ಇದೇ ಕೇಂದ್ರದ ಮುಂದಾಳತ್ವದಲ್ಲಿ ಇನ್ನೂ ದೊಡ್ಡ ಯೋಜನೆಯೊಂದು ನಡೆಯಿತು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ 2020ರಲ್ಲಿ ಆರಂಭವಾದ ಆ ಯೋಜನೆಯ ಹೆಸರು ‘ಜೀನೋಮ್ ಇಂಡಿಯಾ’. ದೇಶದ 20 ಸಂಸ್ಥೆಗಳು ಕೈಜೋಡಿಸಿ 83 ಜನಸಮುದಾಯಗಳಿಂದ ಸುಮಾರು 20,000 ರಕ್ತದ ಮಾದರಿಗಳನ್ನು ಸಂಗ್ರಹಿಸಿದವು. ಅವುಗಳಲ್ಲಿ ಹತ್ತು ಸಾವಿರ ಮಂದಿಯ ಸಂಪೂರ್ಣ ಜೀನೋಮನ್ನು ಓದುವ ಕೆಲಸ ಮುಗಿಯಿತೆಂದು 2024ರ ಫೆಬ್ರವರಿಯಲ್ಲಿ ಪ್ರಕಟಿಸಲಾಯಿತು. ಜೀನೋಮ್ ಎಂದರೆ ನಮ್ಮ ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಬರಹದ ಪೂರ್ಣ ಪಾಠ ಎಂಬುದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ನಾಲ್ಕೇ ಅಕ್ಷರಗಳಲ್ಲಿ ಬರೆದ, ಮುನ್ನೂರು ಕೋಟಿಗೂ ಮಿಕ್ಕಿದ ಅಕ್ಷರಗಳ ಪಾಠ ಅದು.

ಜೀವವಿಜ್ಞಾನದ ಇಂಥ ಕೆಲಸಗಳಿಗೆ ಉತ್ತರ ಬೆಂಗಳೂರು ಒಂದು ಕೇಂದ್ರವೇ ಆಗಿದೆ. ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಸಿಗುವ ಜಿ.ಕೆ.ವಿ.ಕೆ. ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ‘ಸ್ಟ್ರ್ಯಾಂಡ್’ ಎಂಬ ಕಂಪನಿ ಅನೇಕ ವರ್ಷ ಹೆಬ್ಬಾಳದಲ್ಲೇ ಕುಳಿತು ವಂಶವಾಹಿಗಳ ಮಾಹಿತಿಯನ್ನು ವಿಶ್ಲೇಷಿಸುವ ತಂತ್ರಾಂಶ ಬರೆಯಿತು. ಬಡವರ ಗಣಕವೆಂದು ಹೆಸರಾಗಿದ್ದ ಸಿಂಪ್ಯೂಟರನ್ನು ರೂಪಿಸಿದ ತಂಡದಲ್ಲಿದ್ದವರೂ ಇವರೇ. ಪ್ರಯೋಗಾಲಯ ಎಂದರೆ ಗಾಜಿನ ನಳಿಕೆ, ಸೂಕ್ಷ್ಮದರ್ಶಕ ಎಂಬ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅದು ತಪ್ಪೇನಲ್ಲ. ಆದರೆ ಈಗ ಅಲ್ಲಿ ಬಹಳ ಹೊತ್ತು ನಡೆಯುವುದು ಗಣಕದ ಕಡತಗಳ ಕೆಲಸ. ಆ ಕಡತಗಳು ಎಲ್ಲಿರಬೇಕು, ಯಾರು ನೋಡಬಹುದು, ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಗಾತ್ರದ ಲೆಕ್ಕ ನೋಡೋಣ. ಪೆನ್ಸಿಲ್ ಹಿಡಿದು ನೀವೂ ಮಾಡಿ. ಜೀನೋಮ್ ಓದುವ ಯಂತ್ರ ಪ್ರತಿ ಅಕ್ಷರವನ್ನೂ ಒಂದೇ ಸಲ ಓದಿ ಬಿಡುವುದಿಲ್ಲ. ತಪ್ಪು ನುಸುಳದಿರಲೆಂದು ಸಾಮಾನ್ಯವಾಗಿ ಸರಾಸರಿ ಮೂವತ್ತು ಸಲ ಓದುತ್ತದೆ. ಆದ್ದರಿಂದ ಒಬ್ಬ ವ್ಯಕ್ತಿಯ ಕಚ್ಚಾ ಕಡತವೇ ಸುಮಾರು 100 ಗಿಗಾಬೈಟ್ ಆಗುತ್ತದೆ. ನಿಮ್ಮ ಕಾಲೇಜಿನಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಅಂತರ್ಜಾಲ ಸಂಪರ್ಕ ಇದೆ ಎಂದುಕೊಳ್ಳಿ. ಒಬ್ಬರ ಕಡತ ಇಳಿಸಿಕೊಳ್ಳಲು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಹತ್ತು ಸಾವಿರ ಜನರದನ್ನು ಇಳಿಸಿಕೊಳ್ಳಲು? 926 ದಿನ, ಅಂದರೆ ಎರಡೂವರೆ ವರ್ಷ. ಅದೂ ನಡುವೆ ಒಮ್ಮೆಯೂ ಕರೆಂಟು ಹೋಗದಿದ್ದರೆ! ಇಳಿಸಿಕೊಂಡ ಮೇಲೆ ಇಡುವುದೆಲ್ಲಿ? ಒಂದು ಟೆರಾಬೈಟಿನ ಡಿಸ್ಕುಗಳು ಸಾವಿರ ಬೇಕು. ಪಿಎಚ್.ಡಿ. ಮುಗಿಸುವ ಆತುರದಲ್ಲಿರುವ ವಿದ್ಯಾರ್ಥಿಗೆ ಇದು ಆಗದ ಮಾತು.

ಆದ್ದರಿಂದ ವಿಜ್ಞಾನಿಗಳು ದಾರಿಯನ್ನು ತಿರುಗಿಸಿದರು. ದತ್ತಾಂಶವನ್ನು ಸಂಶೋಧಕರಿರುವಲ್ಲಿಗೆ ಸಾಗಿಸುವ ಬದಲು ಸಂಶೋಧಕರು ಬರೆದ ತಂತ್ರಾಂಶವನ್ನು ದತ್ತಾಂಶವಿರುವಲ್ಲಿಗೆ ಕಳಿಸುವುದು. ಜೀನೋಮಿನ ಕಡತ ಬೆಟ್ಟದಷ್ಟಿದ್ದರೆ ಅದನ್ನು ಓದುವ ತಂತ್ರಾಂಶ ಎಷ್ಟೋ ಸಲ ಒಂದು ಹಾಡಿನ ಕಡತದಷ್ಟೂ ಇರುವುದಿಲ್ಲ. ಬೆಟ್ಟ ಅಲ್ಲೇ ಇರಲಿ, ಹತ್ತುವವರು ಹೋಗಲಿ. ಇದೇ ‘ಕ್ಲೌಡ್’, ಅಂದರೆ ಮೋಡ, ಎಂದು ಕರೆಯುವ ವ್ಯವಸ್ಥೆಯ ತಿರುಳು. ಹೆಸರು ಕೇಳಿ ಮೋಸ ಹೋಗಬೇಡಿ. ಆಕಾಶಕ್ಕೂ ಇದಕ್ಕೂ ಸಂಬಂಧವಿಲ್ಲ. ನೆಲದ ಮೇಲೆ, ದೊಡ್ಡ ದೊಡ್ಡ ಹಜಾರಗಳಲ್ಲಿ, ಸಾಲುಸಾಲಾಗಿ ಜೋಡಿಸಿದ ಗಣಕಗಳು ಅವು. ವಿದ್ಯುತ್ತನ್ನು ಉಣ್ಣುತ್ತವೆ, ಬಿಸಿಯಾಗುತ್ತವೆ, ತಂಪು ಮಾಡದಿದ್ದರೆ ಕೆಡುತ್ತವೆ. ನೀವು ಯಲಹಂಕದಲ್ಲಿ ಕುಳಿತು ಆ ಗಣಕಗಳ ಒಂದು ಭಾಗವನ್ನು ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆದು, ಲೆಕ್ಕ ಮಾಡಿಸಿ, ಉತ್ತರವನ್ನಷ್ಟೇ ತರಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಐದು ಲಕ್ಷ ಸ್ವಯಂಸೇವಕರ ಆರೋಗ್ಯದ ವಿವರ ಕಾಪಾಡುವ ‘ಯು.ಕೆ. ಬಯೋಬ್ಯಾಂಕ್’ 2021ರಲ್ಲಿ ಇಂಥ ವೇದಿಕೆಯನ್ನು ತೆರೆಯಿತು. ಅಮೆರಿಕದ ‘ಆನ್ವಿಲ್’, ‘ಟೆರ್ರಾ’ ಎಂಬ ವೇದಿಕೆಗಳೂ ಇದೇ ಬಗೆಯವು.

ಇಷ್ಟೆಲ್ಲ ಕಷ್ಟಪಟ್ಟು ಬೇರೆಯವರಿಗೆ ದತ್ತಾಂಶ ತೋರಿಸುವುದೇಕೆ ಎಂದು ನೀವು ಕೇಳಬಹುದು. ಸಂಶೋಧನೆ ಮಾಡಿದವರು ಫಲಿತಾಂಶ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಸಾಲದೆ? ಸಾಲದು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ಒಂದು ದೊಡ್ಡ ಸುದ್ದಿ ಕೊಟ್ಟಿತು. ಕ್ಯಾನ್ಸರ್ ಗೆಡ್ಡೆಯ ವಂಶವಾಹಿಗಳು ಯಾವ ಪ್ರಮಾಣದಲ್ಲಿ ಕೆಲಸ ಮಾಡುತ್ತಿವೆ ಎಂದು ಅಳೆದರೆ, ಯಾವ ರೋಗಿಗೆ ಯಾವ ಔಷಧಿ ನಾಟುತ್ತದೆ ಎಂದು ಮೊದಲೇ ಹೇಳಬಹುದು ಎಂಬುದು ಅದರ ಸಾರ. ಎಷ್ಟು ದೊಡ್ಡ ಭರವಸೆ! ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು ತಮ್ಮಲ್ಲೂ ಇದನ್ನು ಬಳಸಲು ಬಯಸಿ, ಲೆಕ್ಕವನ್ನು ಒಮ್ಮೆ ನೋಡಿಕೊಡಿ ಎಂದು ತಮ್ಮ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅವರನ್ನು ಕೇಳಿಕೊಂಡರು. ಲೆಕ್ಕ ಹೊಂದಲೇ ಇಲ್ಲ. ಹೊರಗೆ ಸಿಕ್ಕಿದ್ದ ಅರೆಬರೆ ದತ್ತಾಂಶವನ್ನಿಟ್ಟುಕೊಂಡು ಅವರು ಪತ್ತೇದಾರರಂತೆ ಹಿಂದಕ್ಕೆ ನಡೆದರು. ವಂಶವಾಹಿಗಳ ಪಟ್ಟಿ ಒಂದೇ ಒಂದು ಸಾಲು ಕೆಳಗೆ ಜಾರಿತ್ತು; ಹೀಗಾಗಿ ಒಂದು ವಂಶವಾಹಿಯ ಹೆಸರಿನ ಮುಂದೆ ಇನ್ನೊಂದರ ಅಂಕಿ ಕುಳಿತಿತ್ತು. ಕೆಲವು ಕಡೆ ಔಷಧಿ ‘ನಾಟುತ್ತದೆ’, ‘ನಾಟುವುದಿಲ್ಲ’ ಎಂಬ ಗುರುತುಗಳೇ ಅದಲುಬದಲಾಗಿದ್ದವು.

ಇದು ಕಾಗದದ ಮೇಲಿನ ತಪ್ಪಾಗಿ ಉಳಿಯಲಿಲ್ಲ ಎಂಬುದೇ ಭಯ ಹುಟ್ಟಿಸುವ ಸಂಗತಿ. ಅಷ್ಟರಲ್ಲಿ ಈ ಲೆಕ್ಕವನ್ನು ನಂಬಿ ನೂರಕ್ಕೂ ಹೆಚ್ಚು ರೋಗಿಗಳನ್ನು ಪ್ರಯೋಗಾತ್ಮಕ ಚಿಕಿತ್ಸೆಗೆ ಸೇರಿಸಿಕೊಳ್ಳಲಾಗಿತ್ತು. ಇಬ್ಬರು ತಜ್ಞರು 2009ರಲ್ಲಿ ತಮ್ಮ ವಿಶ್ಲೇಷಣೆಯನ್ನು ಪ್ರಕಟಿಸಿದರು. ಕೊನೆಗೆ ಪ್ರಯೋಗಗಳು ನಿಂತವು, 2011ರಲ್ಲಿ ಮೂಲ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ದತ್ತಾಂಶವೂ ಲೆಕ್ಕದ ಹಂತಗಳೂ ಮೊದಲ ದಿನವೇ ತೆರೆದಿದ್ದರೆ ವರ್ಷಗಟ್ಟಲೆ ನಡೆದ ಆ ಪತ್ತೇದಾರಿಕೆ ಕೆಲವೇ ದಿನಗಳ ಕೆಲಸವಾಗುತ್ತಿತ್ತು ಎಂದು ನನ್ನ ಅನಿಸಿಕೆ.

ದೂರದ ಮಾತೇಕೆ, ನಮ್ಮ ಬಳ್ಳಾರಿ ರಸ್ತೆಯದೇ ಒಂದು ಉದಾಹರಣೆ ಇದೆ. ಮೇಲೆ ಹೇಳಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2020ರಲ್ಲಿ ಹೆಸರಾಂತ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದರ ಚಿತ್ರಗಳ ಬಗ್ಗೆ ಹೊರಗಿನ ಓದುಗರು ಅನುಮಾನ ವ್ಯಕ್ತಪಡಿಸಿದರು. ಕೇಂದ್ರ ತನಿಖೆ ನಡೆಸಿತು, 2021ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ತಪ್ಪನ್ನು ಹಿಡಿದದ್ದು ಎದುರಿಗಿದ್ದ ಚಿತ್ರವನ್ನು ಕಣ್ಣಿಟ್ಟು ನೋಡಿದವರು. ಚಿತ್ರ ಕಣ್ಣೆದುರಿಗೆ ಇಲ್ಲದಿದ್ದರೆ ಹಿಡಿಯುವುದೆಂತು?

ಎಲ್ಲ ತಪ್ಪೂ ಮೋಸವೇನಲ್ಲ. ಮನುಷ್ಯರಲ್ಲಿ ‘ಸೆಪ್ಟ್-2’, ‘ಮಾರ್ಚ್-1’ ಎಂಬ ಹೆಸರಿನ ವಂಶವಾಹಿಗಳಿದ್ದವು. ಇವನ್ನು ಎಕ್ಸೆಲ್ ಹಾಳೆಯಲ್ಲಿ ಟೈಪು ಮಾಡಿದರೆ ಎಕ್ಸೆಲ್ ತಾನೇ ಜಾಣತನ ತೋರಿಸಿ ‘2 ಸೆಪ್ಟೆಂಬರ್’, ‘1 ಮಾರ್ಚ್’ ಎಂದು ತಾರೀಖು ಮಾಡಿಬಿಡುತ್ತಿತ್ತು. ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ ಜೀನೋಮ್ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಕೊನೆಗೆ ಸೋತವರು ವಿಜ್ಞಾನಿಗಳೇ. 2020ರಲ್ಲಿ ಆ ವಂಶವಾಹಿಗಳ ಹೆಸರನ್ನೇ ಬದಲಾಯಿಸಲಾಯಿತು!

ಇಲ್ಲಿ ನಮ್ಮ ಅಡುಗೆಮನೆಯ ಒಂದು ಮಾತು ನೆನಪಾಗುತ್ತದೆ. ಅಜ್ಜಿ ಮಾಡಿದ ಸಾರಿನ ರುಚಿ ಯಾರಿಗೂ ಬರದಿದ್ದರೆ ‘ಅದು ಅವರ ಕೈಗುಣ’ ಎನ್ನುತ್ತೇವೆ. ಅಜ್ಜಿ ಬರೆದುಕೊಟ್ಟ ಅಳತೆಯನ್ನೇ ಹಿಡಿದರೂ ನಿಮ್ಮ ಬೇಳೆ ಬೇರೆ, ಪಾತ್ರೆ ಬೇರೆ, ಒಲೆಯ ಉರಿ ಬೇರೆ. ಅಡುಗೆಯಲ್ಲಿ ಕೈಗುಣ ಹೊಗಳಿಕೆ. ವಿಜ್ಞಾನದಲ್ಲಿ ಅದು ಅನುಮಾನಕ್ಕೆ ಎಡೆ. ಒಂದೇ ದತ್ತಾಂಶ, ಒಂದೇ ತಂತ್ರಾಂಶ. ಆದರೆ ಒಬ್ಬರ ಗಣಕದಲ್ಲಿ ಹಳೆಯ ಆವೃತ್ತಿ, ಇನ್ನೊಬ್ಬರಲ್ಲಿ ಹೊಸದು. ಉತ್ತರ ಸ್ವಲ್ಪ ಬೇರೆಯಾಗಿ ಬಿಡುತ್ತದೆ. ಇದಕ್ಕೆ ಕ್ಲೌಡ್ ವೇದಿಕೆಗಳಲ್ಲಿ ಕಂಡುಕೊಂಡ ಉಪಾಯಕ್ಕೆ ‘ಕಂಟೇನರ್’ ಎಂದು ಹೆಸರು. ಅಳತೆಯ ಚೀಟಿಯ ಜೊತೆಗೆ ಬೇಳೆ, ಪುಡಿ, ಪಾತ್ರೆ, ಒಲೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದಂತೆ. ಲೆಕ್ಕಕ್ಕೆ ಬಳಸಿದ ತಂತ್ರಾಂಶ, ಅದು ನಂಬಿಕೊಂಡಿರುವ ಇತರ ತಂತ್ರಾಂಶಗಳು, ಅವುಗಳ ನಿಖರ ಆವೃತ್ತಿ, ಎಲ್ಲವೂ ಒಂದು ಕಟ್ಟಿನಲ್ಲಿ ಸೇರಿರುತ್ತವೆ. ಯಾವ ಹಂತದ ನಂತರ ಯಾವ ಹಂತ ಎಂಬುದನ್ನೂ ಕಡತವಾಗಿ ಬರೆದಿಡುತ್ತಾರೆ. ಐದು ವರ್ಷದ ಮೇಲೆ ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ಆ ಕಟ್ಟನ್ನು ಬಿಚ್ಚಿ ನಡೆಸಿದರೂ ಅದೇ ಉತ್ತರ ಬರಬೇಕು. ಬರದಿದ್ದರೆ ಎಲ್ಲಿ ಜಾರಿತು ಎಂದು ಹುಡುಕಲು ಅವಳಿಗೆ ದಾರಿಯಾದರೂ ಇರುತ್ತದೆ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡಬಹುದಲ್ಲ? ವೈರಸ್ಸಿನ ಮಟ್ಟಿಗೆ ಹೌದು. 2021ರ ನವೆಂಬರಿನಲ್ಲಿ ಬೋಟ್ಸ್ವಾನ ಮತ್ತು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಹೊಸ ಬಗೆಯ ಕೊರೊನಾ ವೈರಸ್ಸಿನ ಜೀನೋಮನ್ನು ಓದಿ ತಡಮಾಡದೆ ಜಾಗತಿಕ ಭಂಡಾರಕ್ಕೆ ಹಾಕಿದರು. ನವೆಂಬರ್ 26ರಂದು ಅದಕ್ಕೆ ಓಮಿಕ್ರಾನ್ ಎಂದು ಹೆಸರಾಯಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಪ್ರಕಟವಾದದ್ದು ನಮ್ಮ ಬೆಂಗಳೂರಿನಲ್ಲೇ. ಎಲ್ಲೋ ಓದಿದ ಅಕ್ಷರಗಳ ಪಾಠ ಕೆಲವೇ ದಿನಗಳಲ್ಲಿ ಇಲ್ಲಿ ರೋಗವನ್ನು ಗುರುತಿಸಲು ನೆರವಾಯಿತು. ಇದಕ್ಕೆಂದೇ 2020ರ ಡಿಸೆಂಬರಿನಲ್ಲಿ ಕಟ್ಟಿದ್ದ ರಾಷ್ಟ್ರೀಯ ಪ್ರಯೋಗಾಲಯಗಳ ಕೂಟದಲ್ಲಿ ಜಿ.ಕೆ.ವಿ.ಕೆ. ಆವರಣದ ಪ್ರಯೋಗಾಲಯವೂ ನಿಮ್ಹಾನ್ಸ್ ಸಂಸ್ಥೆಯೂ ಇದ್ದವು. ಆ ವೈರಸ್ಸಿನ ಪಾಠ ಮೂವತ್ತು ಸಾವಿರ ಅಕ್ಷರಗಳಷ್ಟು ಮಾತ್ರ. ಅದಕ್ಕೆ ಮಾನ ಮರ್ಯಾದೆಯ ಪ್ರಶ್ನೆಯೂ ಇಲ್ಲ.

ಮನುಷ್ಯರಿಗೆ ಇದೆ. ಹೆಸರು ಅಳಿಸಿದರೆ ಗುರುತು ಅಳಿಯಿತು ಎಂದು ಬಹುಕಾಲ ನಂಬಲಾಗಿತ್ತು. 1997ರಲ್ಲಿ ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹೆಸರು ತೆಗೆದು ಬಿಡುಗಡೆ ಮಾಡಿದ್ದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಜೊತೆ ತಾಳೆ ಹಾಕಿ, ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರರಿಂದಲೇ ಆ ರಾಜ್ಯದ ರಾಜ್ಯಪಾಲರ ದಾಖಲೆಯನ್ನು ಹುಡುಕಿ ತೆಗೆದರು. 2013ರಲ್ಲಿ ಇನ್ನೊಂದು ತಂಡ, ಹೆಸರಿಲ್ಲದ ಜೀನೋಮ್‌ಗಳನ್ನು ಅಂತರ್ಜಾಲದ ವಂಶಾವಳಿ ತಾಣಗಳೊಂದಿಗೆ ಹೋಲಿಸಿ ಸುಮಾರು ಐವತ್ತು ಜನರನ್ನು ಗುರುತು ಹಿಡಿಯಿತು. ನಮ್ಮ ಹಳ್ಳಿಗಳ ಸ್ಥಿತಿ ಇದಕ್ಕಿಂತ ಸೂಕ್ಷ್ಮ. ಊರು, ಜಾತಿ, ವಯಸ್ಸು, ಕಾಯಿಲೆ ಇಷ್ಟು ಹೇಳಿದರೆ ಸಾಕು, ಅರಳೀಕಟ್ಟೆಯ ಮೇಲೆ ಕುಳಿತವರು ಹೆಸರು ಹೇಳಿಬಿಡುತ್ತಾರೆ. ಜೀನೋಮ್ ಕೊಟ್ಟವರ ವಿಷಯ ಮಾತ್ರ ಅದರಲ್ಲಿಲ್ಲ. ಅವರ ಅಣ್ಣ ತಮ್ಮಂದಿರು, ಮಕ್ಕಳು, ಇನ್ನೂ ಹುಟ್ಟದ ಮೊಮ್ಮಕ್ಕಳ ವಿಷಯವೂ ಇದೆ. ಒಳಸಂಬಂಧದಲ್ಲೇ ಮದುವೆ ನಡೆಯುವ ಸಣ್ಣ ಸಮುದಾಯವಾದರೆ ಇಡೀ ಸಮುದಾಯದ ವಿಷಯವೇ ಇರಬಹುದು. ಇಂಥ ಊರಿನಲ್ಲಿ ಒಂದು ರೋಗದ ಹೆಸರು ಹೊರಬಿದ್ದರೆ ಹೆಣ್ಣು ಕೇಳಲು ಬರುವವರು ನಿಲ್ಲುತ್ತಾರೆ. ಇದು ಉತ್ಪ್ರೇಕ್ಷೆಯಲ್ಲ ಎಂದು ನಿಮಗೂ ಗೊತ್ತು.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಬಂತು. ಅದರಲ್ಲಿ ಸಂಶೋಧನೆಗೆ ಷರತ್ತುಗಳೊಂದಿಗೆ ವಿನಾಯಿತಿ ಇದೆ.

ಕ್ಲೌಡ್ ವೇದಿಕೆಯ ಇನ್ನೊಂದು ಉಪಯೋಗ ಈಗ ಸ್ಪಷ್ಟವಾಗುತ್ತದೆ. ದತ್ತಾಂಶದ ನಕಲುಗಳು ನೂರು ಕಾಲೇಜುಗಳ ಡಿಸ್ಕುಗಳಲ್ಲಿ ಬಿದ್ದಿರುವ ಬದಲು ಒಂದೇ ಕಡೆ ಇರುತ್ತದೆ. ಬಾಗಿಲಲ್ಲಿ ಕಾವಲು ಇರುತ್ತದೆ. ಯಾರು ಬಂದರು, ಏನು ಲೆಕ್ಕ ಮಾಡಿದರು ಎಂಬುದು ದಾಖಲಾಗುತ್ತದೆ. ನಾಳೆ ಹಳ್ಳಿಯ ಅಜ್ಜನೊಬ್ಬ ‘ನನ್ನ ವಿವರ ಬೇಡ, ತೆಗೆದುಬಿಡಿ’ ಎಂದರೆ ಆ ಒಂದು ಕಡೆ ತೆಗೆದರೆ ಮುಂದಿನ ಲೆಕ್ಕಗಳಲ್ಲಿ ಅದು ಬರುವುದಿಲ್ಲ. ಮೊದಲೇ ಮುಗಿದ ಲೆಕ್ಕದಿಂದ ಹಿಂದಕ್ಕೆ ಪಡೆಯಲು ಮಾತ್ರ ಆಗದು. ಒಪ್ಪಿಗೆಯ ಪತ್ರದಲ್ಲಿ ಇದನ್ನು ಅಜ್ಜನಿಗೆ ಅರ್ಥವಾಗುವ ಕನ್ನಡದಲ್ಲಿ, ಗಡಿನಾಡಿನ ಆ ಹಳ್ಳಿಗಳಲ್ಲಿ ಅಗತ್ಯವಿದ್ದರೆ ತೆಲುಗಿನಲ್ಲಿ, ಬಾಯಿಬಿಟ್ಟು ಹೇಳಬೇಕು. ಇದಿಲ್ಲದೆ ಉಳಿದ ಕಾವಲುಗಳಿಗೆ ಬೆಲೆ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಜೀನೋಮ್ ಇಂಡಿಯಾದ ದತ್ತಾಂಶ ಈಗಿರುವುದು ಹರಿಯಾಣದ ಫರೀದಾಬಾದಿನಲ್ಲಿ. ಅಲ್ಲಿನ ಪ್ರಾದೇಶಿಕ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ 2022ರ ನವೆಂಬರಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಯಿತು. ಆಗ ಅದರ ಸಾಮರ್ಥ್ಯ ಸುಮಾರು ನಾಲ್ಕು ಪೆಟಾಬೈಟ್. ಒಂದು ಪೆಟಾಬೈಟ್ ಎಂದರೆ ನಾವು ಆಗಲೇ ಲೆಕ್ಕ ಹಾಕಿದ ಹತ್ತು ಸಾವಿರ ಜನರ ಕಚ್ಚಾ ಕಡತ. ಅಲ್ಲಿ ‘ಬ್ರಹ್ಮ್’ ಎಂಬ ಶಕ್ತಿಶಾಲಿ ಗಣಕವೂ ಇದೆ, ಅನಾಹುತವಾದರೆ ಇರಲೆಂದು ಭುವನೇಶ್ವರದಲ್ಲಿ ಮೀಸಲು ಪ್ರತಿಯ ಏರ್ಪಾಡೂ ಇದೆ. 2025ರ ಜನವರಿ 9ರಂದು ಜೀನೋಮ್ ಇಂಡಿಯಾ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು. ತೆರೆದದ್ದು ಎಂದರೆ ಬೀದಿಗೆ ಹಾಕಿದ್ದಲ್ಲ. ಉದ್ದೇಶ ತಿಳಿಸಿ, ಅರ್ಜಿ ಹಾಕಿ, ಷರತ್ತಿಗೆ ಒಪ್ಪಿದವರಿಗೆ ಪ್ರವೇಶ. ಅದೇ ವರ್ಷದ ಏಪ್ರಿಲಿನಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 9,772 ಜನರ ಜೀನೋಮ್‌ಗಳಿಂದ ಸುಮಾರು 18 ಕೋಟಿ ವ್ಯತ್ಯಾಸಗಳನ್ನು ಗುರುತಿಸಲಾಗಿತ್ತು.

ಭಂಡಾರ ನಮ್ಮಲ್ಲೇ ಇರುವುದರ ಮಹತ್ವ ಏನೆಂದು ಕೇಳಿದರೆ ಎರಡು ಸಂಗತಿ ಹೇಳಬಹುದು. ಒಂದು, ಬಾಗಿಲ ಕೀಲಿ ಬೇರೆಯವರ ಕೈಯಲ್ಲಿದ್ದರೆ ಅವರು ಯಾವಾಗ ಬೇಕಾದರೂ ಮುಚ್ಚಬಹುದು. 2025ರ ಏಪ್ರಿಲಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ನಿಯಂತ್ರಿತ ದತ್ತಾಂಶ ಭಂಡಾರಗಳಿಗೆ ಚೀನಾ, ರಷ್ಯಾ, ಇರಾನ್ ಮೊದಲಾದ ದೇಶಗಳ ಸಂಸ್ಥೆಗಳ ಪ್ರವೇಶವನ್ನು ನಿಲ್ಲಿಸಿತು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಎರಡನೆಯದು ಇನ್ನೂ ಮುಖ್ಯ. ಜಗತ್ತಿಗೆಲ್ಲ ತೆರೆದಿರುವ ‘ಸಾವಿರ ಜೀನೋಮ್ ಯೋಜನೆ’ಯಲ್ಲಿ 2015ರ ಹೊತ್ತಿಗೆ 26 ಜನಸಮುದಾಯಗಳ 2,504 ಮಂದಿಯ ವಿವರ ಇತ್ತು. ಅದರಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿರುವ ಶ್ರೀಲಂಕಾ ತಮಿಳರು, ಬ್ರಿಟನ್ನಿನಲ್ಲಿರುವ ತೆಲುಗರು. ಭಾರತದ ನೆಲದ ಮೇಲೆ ಒಂದು ಹನಿ ರಕ್ತವನ್ನೂ ತೆಗೆದಿರಲಿಲ್ಲ.

ಆ ಯೋಜನೆಯ ದತ್ತಾಂಶಕ್ಕೆ ಅರ್ಜಿ ಬೇಕಿಲ್ಲ, ಶುಲ್ಕವೂ ಇಲ್ಲ. ‘ಗ್ಯಾಲಕ್ಸಿ’ ಎಂಬ ಉಚಿತ ವೇದಿಕೆಯೂ ಇದೆ. ಕಾಲೇಜಿನ ಗಣಕದ ಬ್ರೌಸರ್‌ನಲ್ಲೇ ಲೆಕ್ಕ ಮಾಡಬಹುದು, ಮಾಡಿದ ಪ್ರತಿ ಹಂತವನ್ನೂ ಅದು ತಾನೇ ಬರೆದಿಡುತ್ತದೆ. ಬಿಡುವಿದ್ದಾಗ ಒಂದು ಪ್ರಯೋಗ ಮಾಡಿ ನೋಡಿ. ಎರಡನೆಯ ವರ್ಣತಂತುವಿನಲ್ಲಿ ಒಂದು ಅಕ್ಷರ ಇದೆ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಅರಗುವುದಕ್ಕೂ ಅದಕ್ಕೂ ನಂಟಿದೆ. ‘ಆರ್.ಎಸ್. 4988235’ ಎಂಬುದು ಅದರ ಸಂಖ್ಯೆ. ಲಾಹೋರಿನ ಪಂಜಾಬಿಗಳಲ್ಲಿ ಆ ಬದಲಾವಣೆ ಎಷ್ಟು ಮಂದಿಗಿದೆ, ಬಾಂಗ್ಲಾದೇಶದ ಬಂಗಾಳಿಗಳಲ್ಲಿ ಎಷ್ಟು ಮಂದಿಗಿದೆ ಎಂದು ಎಣಿಸಿ. ನಂತರ ನಿಮ್ಮ ಹಂತಗಳನ್ನು ಮಾತ್ರ, ಉತ್ತರ ತೋರಿಸದೆ, ಪಕ್ಕದ ಬೆಂಚಿನವರಿಗೆ ಕೊಡಿ. ಅವರಿಗೂ ಅದೇ ಸಂಖ್ಯೆ ಬಂತೇ ನೋಡಿ. ಕನ್ನಡಿಗರಲ್ಲಿ ಎಷ್ಟು ಮಂದಿಗಿದೆ ಎಂಬುದು ಆ ಕಡತದಲ್ಲಿ ಸಿಗುವುದಿಲ್ಲ. ನಮ್ಮ ದೇಶದ ಜನರ ಲೆಕ್ಕ ಬೇಕೆಂದರೆ ಸಂಶೋಧನಾ ಸಂಸ್ಥೆಯೊಂದರ ಮೂಲಕ ಫರೀದಾಬಾದಿಗೆ ಅರ್ಜಿ ಬರೆಯಬೇಕು.